ಓದುವ ಪೆಟ್ಟಿಗೆಯ ಸ್ಥಾನದಲ್ಲಿ ಬರೆಯುವ ಪೆಟ್ಟಿಗೆ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ವಿದ್ಯಾಭಿವೃದ್ಧಿಯ ವಿಷಯವಾಗಿಯೋ ಬಾಲಿಕೆಯರ ನಡೆನುಡಿಯ ವಿಷಯವಾಗಿಯೋ ನಾಲ್ಕು ಮಾತುಗಳನ್ನು ಬರೆಯುವುದು ವಾಡಿಕೆಯಾಗಿದೆ. ಈ ವರ್ಷ ನಾನು ಆ ವಾಡಿಕೆಯನ್ನು ಬಿಟ್ಟು, ನಮ್ಮ ಆಫೀಸಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಒಂದು ಸಣ್ಣ ಭಾಗವನ್ನು ಕಳಚಿ ಬೇರೊಂದನ್ನು ಕೂಡಿಸಿದ ಸಂಗತಿಯನ್ನು ವಿವರಿಸುತ್ತೇನೆ. ಇದು ಅಂಗಡಿಯವರ ಕೆಲಸವಲ್ಲವೆ, ಇದರಿಂದ ನಮಗೇನು ಎಂದು ಕೆಲವರು ಕೇಳಬಹುದು. ಪೂರ್ತಿಯಾಗಿ ಓದಿದ ಮೇಲೆ ನಿಮ್ಮ ಮನೆಯ ಪೆಟ್ಟಿಗೆಗಳನ್ನೂ ಬೀರುಗಳನ್ನೂ ಒಮ್ಮೆ ಹುಡುಕಿ ನೋಡುವಿರೆಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಹೋದ ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ವಾರ, ಹಿರಿಯೂರಿನಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸುವುದಕ್ಕಾಗಿ ಬಂದಳು. ಅರ್ಜಿಯ ಕೆಲಸವೆಲ್ಲ ಮುಗಿದ ಮೇಲೆ ಆಕೆ ಸ್ವಲ್ಪ ಹಿಂಜರಿಯುತ್ತ, “ಟೀಚರ್, 2004ರ ವಾರ್ಷಿಕೋತ್ಸವದಲ್ಲಿ ನಮ್ಮ ಸಂಗೀತದ ಟೀಚರಮ್ಮನವರು ಕೊನೆಗೆ ತಾವೇ ಹಾರ್ಮೋನಿಯಂ ನುಡಿಸಿಕೊಂಡು ಒಂದು ಹಾಡು ಹೇಳಿದರಲ್ಲವೆ? ನನಗೆ ಪಲ್ಲವಿ ಮಾತ್ರ ನೆನಪಿದೆ. ಮಗಳಿಗೆ ಪೂರ್ತಿ ಕಲಿಸಬೇಕೆಂದು ಆಸೆ. ಅದು ಶಾಲೆಯಲ್ಲಿ ಇದೆಯೆ?” ಎಂದು ಕೇಳಿದಳು.

“ಇಲ್ಲದೆ ಏನಮ್ಮಾ, ಬೀರುವಿನಲ್ಲೇ ಇದೆ. ಈಗಲೇ ಕೇಳಿಸುತ್ತೇನೆ” ಎಂದೆನು. ಆ ಹಾಡನ್ನು ರಚಿಸಿದವರೂ ರಾಗ ಹಾಕಿದವರೂ ಆ ಉಪಾಧ್ಯಾಯಿನಿಯವರೇ. ಅದನ್ನು ಅವರು ಕಾಗದದ ಮೇಲೆ ಬರೆದಿಡಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷಗಳಾದುವು. ಅವರ ಕಂಠಧ್ವನಿಯಾಗಿ ಶಾಲೆಯಲ್ಲಿ ಉಳಿದಿರುವುದು ಆ ಒಂದು ಸಿಡಿ ಮಾತ್ರ.

ಸಿಡಿಯೇನೋ ಸಿಕ್ಕಿತು. ಆದರೆ ಕಂಪ್ಯೂಟರಿನ ಡ್ರೈವಿನ ತಟ್ಟೆ ಹೊರಕ್ಕೆ ಬರಲೊಲ್ಲದು. ಅದರ ಮುಖದಲ್ಲಿರುವ ಸೂಜಿಮೊನೆಯಷ್ಟರ ರಂಧ್ರದೊಳಕ್ಕೆ ನೆಟ್ಟಗೆ ಮಾಡಿದ ಕ್ಲಿಪ್ಪನ್ನು ಚುಚ್ಚಿ ತಟ್ಟೆಯನ್ನು ಎಳೆದುದಾಯಿತು. ಡಿಸ್ಕನ್ನಿಟ್ಟು ಒಳಕ್ಕೆ ದಬ್ಬಿದರೆ ಡ್ರೈವು ಎರಡು ಮೂರು ಸಲ ಗುಂಯ್‌ಗುಟ್ಟಿ, ಒಳಗೆ ಡಿಸ್ಕೇ ಇಲ್ಲವೆಂಬಂತೆ ಸುಮ್ಮನಾಯಿತು. ಆ ತಾಯಿ ಮಗಳು ಬರಿಗೈಯಲ್ಲಿ ಹಿರಿಯೂರಿನ ಬಸ್ಸು ಹತ್ತಿದರು. ನಾನು ಆ ದಿನವೆಲ್ಲ ಸಮಾಧಾನವಿಲ್ಲದೆ ಇದ್ದೆನು.

ಈ ಡಿಸ್ಕು ಎಂಬುದು ಯಾವ ವಸ್ತು, ಡ್ರೈವು ಅದನ್ನು ಹೇಗೆ ಓದುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಸಿಡಿಯು 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳ ಜಂಟಿ ಪ್ರಯತ್ನದಿಂದ ಪೇಟೆಗೆ ಬಂದಿತು. 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಆ ಬಿಲ್ಲೆಯ ಬಹುಭಾಗವು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಅದರ ಮೇಲೆ ಕನ್ನಡಿಯಂಥ ತೆಳುವಾದ ಲೋಹದ ಲೇಪ, ಅದರ ಮೇಲೆ ರಕ್ಷಣೆಗಾಗಿ ವಾರ್ನಿಷಿನಂಥ ಒಂದು ಲೇಪ, ಅದರ ಮೇಲೆ ಹೆಸರು ಬರೆಯುವ ಸ್ಥಳ. ಬರಹವು ನಡುವಿನ ರಂಧ್ರದ ಬಳಿಯಿಂದ ಆರಂಭವಾಗಿ ಸುರುಳಿಸುರುಳಿಯಾಗಿ ಹೊರ ಅಂಚಿನ ಕಡೆಗೆ ಸಾಗುತ್ತದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಣ ಅಂತರವು ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅಂಥ 1.6 ಭಾಗದಷ್ಟು ಮಾತ್ರ. ಆ ಸುರುಳಿಯನ್ನು ಬಿಡಿಸಿ ನೆಟ್ಟಗೆ ಹಾಸುವುದಾದರೆ ಅದು 5 ಕಿಲೋಮೀಟರಿಗಿಂತಲೂ ಉದ್ದವಾಗುವುದು. ಕಾಲುನಡಿಗೆಯಲ್ಲಿ ಒಂದು ಗಂಟೆ ಮೀರಿದ ದಾರಿ. ಡ್ರೈವಿನೊಳಗಿರುವ ಲೇಸರ್ ಕಿರಣವು ಈ ದಾರಿಯ ಮೇಲೆ ಬೀಳುತ್ತ, ಪ್ರತಿಫಲಿಸಿ ಬರುವ ಬೆಳಕಿನ ಹೆಚ್ಚುಕಡಿಮೆಗಳಿಂದ ಅಕ್ಷರ, ಚಿತ್ರ, ಸ್ವರಗಳನ್ನು ತಿಳಿಯುತ್ತದೆ.

ನಮ್ಮ ಕಂಪ್ಯೂಟರಿನಲ್ಲಿದ್ದುದು 2003ರಲ್ಲಿ ಕೊಂಡ, ಸಿಡಿಯನ್ನು ಓದುವುದಕ್ಕೆ ಮಾತ್ರ ಬರುವ ಡ್ರೈವು. ಅದಕ್ಕೆ ಬರೆಯಲು ಬಾರದು. ಡಿವಿಡಿಯನ್ನು ಓದಲೂ ಬಾರದು, ಏಕೆಂದರೆ ಡಿವಿಡಿಯ ಸುರುಳಿಯ ಅಂತರವು ಸಿಡಿಯದರಲ್ಲಿ ಅರ್ಧಕ್ಕಿಂತ ಕಡಿಮೆ, ಅದನ್ನು ಓದುವ ಲೇಸರು ಬೇರೆ. ಇಂಥ ಡ್ರೈವುಗಳು ವೇಗವಾಗಿ ಓದುವಾಗ ಡಿಸ್ಕನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತವೆ. ವರ್ಷಗಳು ಕಳೆದಂತೆ ಲೇಸರಿನ ಶಕ್ತಿ ಕುಂದುತ್ತದೆ, ಅದರ ಮುಂದಣ ಸಣ್ಣ ಮಸೂರದ ಮೇಲೆ ಧೂಳು ಕೂರುತ್ತದೆ, ತಟ್ಟೆಯನ್ನೆಳೆಯುವ ರಬ್ಬರಿನ ಪಟ್ಟಿ ಸಡಿಲವಾಗುತ್ತದೆ. ನಮ್ಮ ದುರ್ಗದ ಗಾಳಿಯನ್ನೂ ಧೂಳನ್ನೂ ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹೊಸ ಕಂಪ್ಯೂಟರನ್ನೇ ಕೊಳ್ಳಬಾರದೆ? ಶಾಲೆಯಲ್ಲಿ ಹೊಸವೂ ಇವೆ. ಆದರೆ ಅವುಗಳಲ್ಲಿ ಡಿಸ್ಕಿನ ಡ್ರೈವೇ ಇಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿಯೂ ಅದು ಬಹುಮಟ್ಟಿಗೆ ಮಾಯವಾಗಿದೆ. ಅಲ್ಲದೆ, ದಾಖಲಾತಿಯ ಹಳೆಯ ಪಟ್ಟಿಗಳೂ ವಾರ್ಷಿಕ ವರದಿಗಳೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾಗಿ ಆ ಹಳೆಯ ಕಂಪ್ಯೂಟರಿನಲ್ಲಿಯೇ ಉಳಿದಿವೆ. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಿಂದ ತಯಾರಕರ ರಕ್ಷಣೆ ನಿಂತುಹೋಗಿರುವುದರಿಂದ ಅದನ್ನು ನಾವು ಇಂಟರ್ನೆಟ್ಟಿಗೆ ಜೋಡಿಸುವುದಿಲ್ಲ. ಅದರಲ್ಲಿರುವುದನ್ನು ಹೊರಗೆ ತೆಗೆದಿಡುವುದಕ್ಕೂ ಒಂದು ಉಪಾಯ ಬೇಕಾಗಿತ್ತು. ಓದುವುದು ಮಾತ್ರ ಬರುವ ಡ್ರೈವಿನ ಸ್ಥಾನದಲ್ಲಿ, ಸಿಡಿ ಡಿವಿಡಿ ಎರಡನ್ನೂ ಓದಿ ಬರೆಯಬಲ್ಲ ಡಿವಿಡಿ ರೈಟರನ್ನು ಕೂಡಿಸಿದರೆ ಎರಡು ಕೆಲಸವೂ ಆಗುವುದೆಂದು ನಿಶ್ಚಯಿಸಿದೆವು. ಮನೆಯಲ್ಲಿ ಲ್ಯಾಪ್‌ಟಾಪು ಇರುವವರು ಯು.ಎಸ್.ಬಿ. ತಂತಿಯಿಂದ ಹೊರಗೆ ಜೋಡಿಸುವ ರೈಟರನ್ನು ಕೊಂಡರೆ ಬಿಚ್ಚುವ ತೊಡಕಿಲ್ಲದೆ ಅದೇ ಪ್ರಯೋಜನವನ್ನು ಪಡೆಯಬಹುದು.

ಈ ಕೆಲಸದಲ್ಲಿ ನಮಗೆ ನೆರವಾದವಳು ಹೊಸದುರ್ಗದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿ. ಆಕೆಯನ್ನು ಕೇಳುವುದಕ್ಕೆ ಮುಂಚೆಯೇ ನಾನು ಅವಸರಪಟ್ಟು, ಬೆಂಗಳೂರಿಗೆ ಹೋಗುತ್ತಿದ್ದ ಪೋಷಕರೊಬ್ಬರ ಕೈಯಲ್ಲಿ ಎಸ್.ಪಿ. ರಸ್ತೆಯಿಂದ ಒಂದು ಹೊಸ ರೈಟರನ್ನು ತರಿಸಿದ್ದೆನು. ಆಕೆ ಬಂದು ಅದರ ಬೆನ್ನನ್ನು ನೋಡಿದವಳೇ ನಕ್ಕು, “ಟೀಚರ್, ಇದು ಈ ಮನೆಗೆ ಹೊಂದುವ ಸೊಸೆಯಲ್ಲ” ಎಂದಳು. ಸಂಗತಿಯೇನೆಂದರೆ, 2003ರ ಸುಮಾರಿನವರೆಗೆ ಡ್ರೈವುಗಳನ್ನು ಐ.ಡಿ.ಇ. ಎಂಬ ಕ್ರಮದಲ್ಲಿ, ರಿಬ್ಬನ್ನಿನಂತೆ ಅಗಲವಾದ ತಂತಿಯಿಂದ ಜೋಡಿಸುತ್ತಿದ್ದರು. ಅದರ ತುದಿಯಲ್ಲಿ 40 ಸೂಜಿಗಳ ಸ್ಥಾನವಿರುತ್ತದೆ. ಆ ತರುವಾಯ ಬಂದ ಸಾಟಾ ಎಂಬ ಕ್ರಮದಲ್ಲಿ ತಂತಿಯು ಬೆರಳಿನಷ್ಟೂ ಅಗಲವಿಲ್ಲ, ತುದಿಯ ಆಕಾರವೂ ಬೇರೆ. ಒಂದರದು ಇನ್ನೊಂದಕ್ಕೆ ಕೂಡದು. ಕೊನೆಗೆ ಎಸ್.ಪಿ. ರಸ್ತೆಯ ಹಳೆಯ ದಾಸ್ತಾನಿನಲ್ಲಿಯೇ ಹುಡುಕಿಸಿ ಐ.ಡಿ.ಇ. ರೈಟರನ್ನು ತರಿಸಬೇಕಾಯಿತು. ಆದಕಾರಣ ಕೊಳ್ಳುವವರು ಮೊದಲು ತಮ್ಮ ಪೆಟ್ಟಿಗೆಯನ್ನು ತೆಗೆದು ಒಳಗಿನ ತಂತಿ ಯಾವುದೆಂದು ನೋಡಿಕೊಂಡು, ಆಮೇಲೆ ಅಂಗಡಿಗೆ ಹೋಗತಕ್ಕದ್ದು.

ಕೂಡಿಸುವ ಕ್ರಮವು ಬಹು ಸುಲಭ. ಗೋಡೆಯ ಪ್ಲಗ್ಗನ್ನು ಮೊದಲು ಕಿತ್ತುಬಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ಮೈಯಲ್ಲಿ ಸೇರಿರುವ ಅಲ್ಪ ವಿದ್ಯುತ್ತಿನಿಂದ ಸೂಕ್ಷ್ಮವಾದ ಭಾಗಗಳು ಕೆಡದಂತೆ ಪೆಟ್ಟಿಗೆಯ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಬೇಕು. ಪಕ್ಕದ ಹಲಗೆಯನ್ನು ತೆಗೆದು, ಹಳೆಯ ಡ್ರೈವಿನ ಎರಡು ಪಕ್ಕದ ಸ್ಕ್ರೂಗಳನ್ನು ಬಿಚ್ಚಿ, ಹಿಂದಣ ರಿಬ್ಬನ್ ತಂತಿಯನ್ನೂ ನಾಲ್ಕು ಸೂಜಿಯ ವಿದ್ಯುತ್ ತಂತಿಯನ್ನೂ ಮೆಲ್ಲಗೆ ಕಿತ್ತು, ಡ್ರೈವನ್ನು ಮುಂಗಡೆಯಿಂದ ಹೊರಕ್ಕೆ ಎಳೆಯಬೇಕು. ಹಳೆಯದರ ಬೆನ್ನಿನಲ್ಲಿ ಜಂಪರ್ ಎಂಬ ಅಕ್ಕಿಕಾಳಿನಂಥ ಒಂದು ಕೊಂಡಿ ಯಾವ ಸ್ಥಾನದಲ್ಲಿದೆಯೋ ನೋಡಿ, ಹೊಸದರಲ್ಲಿಯೂ ಅದೇ ಸ್ಥಾನದಲ್ಲಿಡಬೇಕು. ಒಂದೇ ತಂತಿಯಲ್ಲಿ ಎರಡು ಡ್ರೈವುಗಳಿರುವಾಗ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬುದು ಇದರಿಂದಲೇ ಗೊತ್ತಾಗುವುದು. ರಿಬ್ಬನ್ನಿನ ಕೆಂಪು ಗೆರೆಯ ಅಂಚು ವಿದ್ಯುತ್ ತಂತಿಯ ಕಡೆಗೆ ಬರುವಂತೆ ಜೋಡಿಸಿ, ಸ್ಕ್ರೂ ಹಾಕಿ, ಹಲಗೆ ಮುಚ್ಚಿದರೆ ಕೆಲಸ ಮುಗಿಯಿತು. ನಮಗೆ ಅರ್ಧ ಗಂಟೆ ಹಿಡಿಯಿತು. ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತು ನೋಡಿದರು. ಕೊನೆಯ ಎರಡು ಸ್ಕ್ರೂಗಳನ್ನು ಅವರೇ ಹಾಕಿದರು. ಕಳಚಿದ ಡ್ರೈವನ್ನು ವಿಜ್ಞಾನದ ಕೊಠಡಿಯಲ್ಲಿ ಮಸೂರ, ಮೋಟರುಗಳನ್ನು ತೋರಿಸುವುದಕ್ಕಾಗಿ ಇಟ್ಟಿದ್ದೇವೆ. ಆದರೆ ವಿದ್ಯುತ್ತಿಗೆ ಜೋಡಿಸಿದ ಡ್ರೈವನ್ನು ಎಂದಿಗೂ ಬಿಚ್ಚಿ ನೋಡಕೂಡದು. ಲೇಸರು ಕಣ್ಣಿಗೆ ಹಾನಿಕರ. ಸಿಡಿಯ ಲೇಸರಿನ ಬೆಳಕು ಕಣ್ಣಿಗೆ ಸರಿಯಾಗಿ ಕಾಣದಿರುವುದರಿಂದ ಅಪಾಯವು ಇನ್ನೂ ಹೆಚ್ಚು.

ಹೊಸ ಡ್ರೈವು ನಮ್ಮ ಸಿಡಿಯನ್ನು ಗುರುತಿಸಿತು. ಹದಿನಾಲ್ಕು ಹಾಡುಗಳ ಪಟ್ಟಿಯು ಪರದೆಯ ಮೇಲೆ ಬಂದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತ ಹೋದೆವು. ಹದಿಮೂರು ಹಾಡುಗಳು ನಿರ್ವಿಘ್ನವಾಗಿ ಇಳಿದುವು. ಹದಿನಾಲ್ಕನೆಯದರಲ್ಲಿ ಹಾರ್ಮೋನಿಯಮ್ಮಿನ ಸ್ವರ ಕೇಳಿಸಿತು, ಪಲ್ಲವಿಯ ಎರಡು ಮಾತು ಕೇಳಿಸಿದುವು, ಅಷ್ಟರಲ್ಲಿ ಧ್ವನಿಯು ತುಂಡುತುಂಡಾಗಿ ನಿಂತುಹೋಯಿತು. ಹೊಸದುರ್ಗದವಳು ಡಿಸ್ಕನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದಳು. ಹೊರ ಅಂಚಿನಲ್ಲಿ “ವಾರ್ಷಿಕೋತ್ಸವ 2004” ಎಂಬ ಅಕ್ಷರಗಳ ಆಕಾರದಲ್ಲಿಯೇ ಬೆಳಕು ತೂರಿ ಬರುತ್ತಿತ್ತು.

ಆ ಅಕ್ಷರಗಳನ್ನು ಬರೆದವಳು ನಾನು. ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯೋಪಾಧ್ಯಾಯಿನಿಯಾಗಿದ್ದ ನಾನು ಅಂದವಾಗಿರಲೆಂದು ಬಾಲ್‌ಪೆನ್ನನ್ನು ಒತ್ತಿ ಬರೆದಿದ್ದೆನು. ಸಿಡಿಯ ಹೊಳೆಯುವ ಮುಖವನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಹೆಸರಿನ ಮುಖವೇ ಹೆಚ್ಚು ನಾಜೂಕೆಂಬುದು ಅನೇಕರಿಗೆ ತಿಳಿಯದು. ಹೊಳೆಯುವ ಮುಖದ ಕೆಳಗೆ ಒಂದು ಮಿಲಿಮೀಟರಿಗೂ ಮಿಕ್ಕಿದ ಪ್ಲಾಸ್ಟಿಕ್ಕಿದೆ. ಅಲ್ಲಿ ಬಿದ್ದ ಗೀಟನ್ನು ಕೆಲವು ವೇಳೆ ತಿಕ್ಕಿ ಸರಿಪಡಿಸಬಹುದು. ಹೆಸರಿನ ಮುಖದಲ್ಲಿಯಾದರೋ ಲೋಹದ ಲೇಪಕ್ಕೂ ಪೆನ್ನಿನ ಮೊನೆಗೂ ನಡುವೆ ಇರುವುದು ವಾರ್ನಿಷಿನ ಒಂದು ಪೊರೆ ಮಾತ್ರ. ಅದು ಒತ್ತಿ ಕಿತ್ತುಹೋದರೆ ಕನ್ನಡಿಯೇ ಹೋದಂತೆ. ಯಾವ ಹೊಸ ಡ್ರೈವೂ ಅದನ್ನು ಓದಲಾರದು. ಬರಹವು ನಡುವಿನಿಂದ ಅಂಚಿಗೆ ಸಾಗುವುದೆಂದು ಮೇಲೆ ಹೇಳಿದೆನಷ್ಟೆ. ಆದುದರಿಂದ ಅಂಚಿನಲ್ಲಿ ಬರೆದ ನನ್ನ ಅಕ್ಷರಗಳು ಕೊನೆಯ ಹಾಡನ್ನೇ ಅಳಿಸಿದ್ದುವು.

ಆಗ ನಮಗೆ ಒಂದು ಸಂಗತಿ ನೆನಪಿಗೆ ಬಂದಿತು. ಆ ವರ್ಷ ಸ್ಟುಡಿಯೋದವರು ಕೇಳಿದವರಿಗೆಲ್ಲ ಹಣ ತೆಗೆದುಕೊಂಡು ಸಿಡಿ ಮಾಡಿಕೊಟ್ಟಿದ್ದರು. ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆವು. ಇತ್ತೆಂದವರು ಹಲವರು, ಈಗ ಇದೆಯೆಂದವರು ಯಾರೂ ಇಲ್ಲ. ಒಬ್ಬರ ಮನೆಯಲ್ಲಿ ಮಕ್ಕಳು ಆಟಕ್ಕೆ ತೆಗೆದುಕೊಂಡಿದ್ದರು, ಇನ್ನೊಬ್ಬರು ಹೊಲದಲ್ಲಿ ಹಕ್ಕಿಗಳನ್ನು ಬೆದರಿಸಲು ದಾರ ಕಟ್ಟಿ ತೂಗುಹಾಕಿದ್ದರು. ಒಂಬತ್ತನೆಯ ದಿನ ಹೊಳಲ್ಕೆರೆಯಿಂದ ಒಬ್ಬಳ ಉತ್ತರ ಬಂದಿತು. ಆಕೆಯ ತಂದೆ ಕೊಂಡಿದ್ದ ಸಿಡಿಯು ಕಬ್ಬಿಣದ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ, ಡಬ್ಬಿಯ ಸಮೇತ ಇದ್ದಿತು. ಅದರ ಮೇಲೆ ಯಾರೂ ಏನನ್ನೂ ಬರೆದಿರಲಿಲ್ಲ. ಆಕೆ ಮರುದಿನವೇ ಬಂದಳು. ಹದಿನಾಲ್ಕನೆಯ ಹಾಡು ಮೊದಲಿನಿಂದ ಕೊನೆಯವರೆಗೆ, ಕೊನೆಯ ಚಪ್ಪಾಳೆಯ ಸಹಿತವಾಗಿ ಇಳಿಯಿತು. ಹತ್ತಿರದಲ್ಲಿದ್ದ ಹಿರಿಯ ಉಪಾಧ್ಯಾಯಿನಿಯರು ಸೆರಗಿನಿಂದ ಕಣ್ಣೊರಸಿಕೊಂಡರು.

ಈಗ ಬರೆಯುವ ವಿಷಯ. ಬರೆಯುವುದಕ್ಕೆ ಬರುವ ಸಿಡಿ ಡಿವಿಡಿಗಳಲ್ಲಿ ಲೋಹದ ಲೇಪದ ಜೊತೆಗೆ ಒಂದು ಬಗೆಯ ಬಣ್ಣದ ಪೊರೆಯಿರುತ್ತದೆ. ರೈಟರಿನ ಲೇಸರು ಓದುವಾಗಿನದಕ್ಕಿಂತ ಬಹಳ ಹೆಚ್ಚಿನ ಶಕ್ತಿಯಿಂದ ಆ ಪೊರೆಯ ಮೇಲೆ ಬಿದ್ದು, ಅಲ್ಲಲ್ಲಿ ಅದನ್ನು ಕಾಯಿಸಿ, ಬೆಳಕನ್ನು ಸರಿಯಾಗಿ ಪ್ರತಿಫಲಿಸದ ಗುರುತುಗಳನ್ನು ಮಾಡುತ್ತದೆ. ಇದನ್ನೇ ‘ಬರ್ನ್’ ಮಾಡುವುದೆನ್ನುತ್ತಾರೆ. ಉರಿಯೂ ಇಲ್ಲ, ಹೊಗೆಯೂ ಇಲ್ಲ. ಈ ಕೆಲಸಕ್ಕೆ ಹೆಸರಾದ ಒಂದು ತಂತ್ರಾಂಶದ ಹೆಸರು ‘ನೀರೋ ಬರ್ನಿಂಗ್ ರಾಮ್’ ಎಂಬುದು; ರೋಮಾಪುರಿಯು ಉರಿದ ಚರಿತ್ರೆಯನ್ನು ಓದಿದ ನಮ್ಮ ಹುಡುಗಿಯರು ಅದರ ಚಮತ್ಕಾರವನ್ನು ಕೂಡಲೇ ಗುರುತಿಸಿ ನಕ್ಕರು. ವಿಂಡೋಸ್ ಎಕ್ಸ್‌ಪಿಯು ಸಿಡಿಯನ್ನು ತಾನೇ ಬರೆಯಬಲ್ಲದು. ಡಿವಿಡಿಗೆ ಮಾತ್ರ ಇಂಥ ಬೇರೆ ತಂತ್ರಾಂಶ ಬೇಕು. ಸಿಡಿಯಲ್ಲಿ 700 ಮೆಗಾಬೈಟು, ಎಂದರೆ 80 ನಿಮಿಷದ ಸಂಗೀತ ಹಿಡಿಯುತ್ತದೆ. ಸಾಧಾರಣ ಡಿವಿಡಿಯಲ್ಲಿ 4.7 ಗಿಗಾಬೈಟು, ಎಂದರೆ ಅದರ ಆರು ಪಾಲಿಗಿಂತ ಹೆಚ್ಚು.

ಬರೆಯುವಾಗ ನಾವು ಕಲಿತ ಎಚ್ಚರಿಕೆಗಳಿವು. ಬರೆಯಬೇಕಾದುದನ್ನು ಮೊದಲು ಕಂಪ್ಯೂಟರಿನೊಳಕ್ಕೆ ಇಳಿಸಿಕೊಂಡು ಆಮೇಲೆ ಬರೆಯಬೇಕು. ವೇಗವನ್ನು ಅತ್ಯಧಿಕವಾಗಿಡದೆ ಮಧ್ಯಮವಾಗಿಡಬೇಕು. ಆ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಬಾರದು. ಕರೆಂಟು ಹೋಗದಂತೆ ಯು.ಪಿ.ಎಸ್. ಇರಬೇಕು. ಅರ್ಧದಲ್ಲಿ ನಿಂತರೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕು ವ್ಯರ್ಥವಾಗುವುದು. ಬರೆದು ಮುಗಿಸಿದ ಮೇಲೆ ‘ಫೈನಲೈಸ್’ ಎಂಬ ಮುಕ್ತಾಯದ ಕ್ರಿಯೆಯನ್ನು ಮಾಡದಿದ್ದರೆ ಬೇರೆ ಯಂತ್ರಗಳು ಅದನ್ನು ಓದದೆ ಹೋಗಬಹುದು. ಆ ತರುವಾಯ ಬೇರೊಂದು ಡ್ರೈವಿನಲ್ಲಿ ಹಾಕಿ ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸಬೇಕು. ಹೆಸರನ್ನು ಡಿಸ್ಕಿಗೆಂದೇ ಮಾರುವ ಮೆತ್ತನೆಯ ಮಾರ್ಕರ್ ಪೆನ್ನಿನಿಂದ, ನಡುವಣ ರಂಧ್ರದ ಸುತ್ತಲಿನ ಪಾರದರ್ಶಕ ಉಂಗುರದ ಮೇಲೆ ಮಾತ್ರ ಬರೆಯಬೇಕು, ಅಲ್ಲಿ ಹಾಡಿಲ್ಲ. ಕಾಗದದ ಚೀಟಿಯನ್ನು ಅಂಟಿಸಕೂಡದು. ಡಬ್ಬಿಯಲ್ಲಿ ನಿಲ್ಲಿಸಿ, ಬಿಸಿಲು ಸೋಂಕದ ತಣ್ಣನೆಯ ಕತ್ತಲಲ್ಲಿಡಬೇಕು. ಸೀರೆಯ ಮಡಿಕೆ ಕೆಟ್ಟ ಸ್ಥಳವಲ್ಲವೆಂಬುದನ್ನು ಹೊಳಲ್ಕೆರೆಯ ಟ್ರಂಕು ತೋರಿಸಿಕೊಟ್ಟಿತು.

ಇಷ್ಟು ಮಾಡಿದರೂ ಡಿಸ್ಕು ಚಿರಂಜೀವಿಯಲ್ಲ. ಬಣ್ಣದ ಪೊರೆಯು ಕಾಲಕ್ರಮದಲ್ಲಿ ಮಾಸುತ್ತದೆ. ಕೆಲವು ಡಿಸ್ಕುಗಳು ಇಪ್ಪತ್ತು ವರ್ಷ ದಾಟಿ ಬಾಳುತ್ತವೆ, ಕೆಲವು ಐದಾರು ವರ್ಷಗಳಲ್ಲಿಯೇ ಕೆಡುತ್ತವೆ. ಅಲ್ಲದೆ ಡಿಸ್ಕಿನ ಕಾಲವೇ ಇಳಿಮುಖವಾಗಿದೆ. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಮೋಸರ್ ಬೇಯರ್ ಎಂಬ ಡಿಸ್ಕು ತಯಾರಕ ಸಂಸ್ಥೆಯನ್ನು ಮುಚ್ಚಿ ಆಸ್ತಿಯನ್ನು ವಿಲೇವಾರಿ ಮಾಡಲು 2018ರಲ್ಲಿ ಆಜ್ಞೆಯಾಯಿತು. ಬರೆಯಬಹುದಾದ ಬ್ಲೂರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಾಗಿದ್ದಮೇಲೆ ಈಗ ರೈಟರ್ ಏಕೆ, ಪೆನ್‌ಡ್ರೈವ್ ಸಾಲದೆ ಎಂದು ಕೇಳಬಹುದು. ಪೆನ್‌ಡ್ರೈವಿನಲ್ಲಿರುವುದು ಒಂದು ಅಜಾಗ್ರತೆಯ ಒತ್ತಿನಿಂದ ಅಳಿಸಿಹೋಗುತ್ತದೆ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ವೈರಸ್ಸನ್ನು ಹೊತ್ತು ತಿರುಗುತ್ತದೆ. ಒಮ್ಮೆ ಬರೆದು ಮುಗಿಸಿದ ಡಿಸ್ಕಿನಲ್ಲಿರುವುದನ್ನು ಯಾರೂ ತಿದ್ದಲಾರರು, ಯಾವ ವೈರಸ್ಸೂ ಹೊಗಲಾರದು. ಆದುದರಿಂದ ಒಂದನ್ನೇ ನಂಬದೆ, ಪ್ರತಿಗಳು ಮೂರಾದರೂ ಇರಬೇಕು, ಎರಡು ಬಗೆಯ ವಸ್ತುಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ತಿಳಿದವರ ನಿಯಮ.

ಇದು ಹೊಸ ನಿಯಮವೇನೂ ಅಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯುಂಟು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಶಾಸನವನ್ನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಒಂದು ಕಡೆಯಲ್ಲ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಸಮೀಪದ ಮೂರು ಸ್ಥಳಗಳಲ್ಲಿ ಕೆತ್ತಿಸಿದರು. ಕೆತ್ತಿದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದನು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು ಬೆಳಕಿಗೆ ತಂದಾಗ ಜಟಿಂಗ ರಾಮೇಶ್ವರದ ಬಂಡೆಯ ಅಕ್ಷರಗಳು ಬಹಳವಾಗಿ ಸವೆದುಹೋಗಿದ್ದುವು. ಅಲ್ಲಿ ಏನಿತ್ತೆಂಬುದು ವಿದ್ವಾಂಸರಿಗೆ ತಿಳಿದದ್ದು ಚೆನ್ನಾಗಿ ಉಳಿದಿದ್ದ ಬ್ರಹ್ಮಗಿರಿಯ ಪಾಠದ ಸಹಾಯದಿಂದಲೇ. ಕಲ್ಲಿಗೇ ಮೂರು ಪ್ರತಿ ಬೇಕಾದ ಮೇಲೆ ಪ್ಲಾಸ್ಟಿಕ್ಕಿನ ಬಿಲ್ಲೆಯ ಮಾತೇನು?

ಆದಕಾರಣ ನಾವು 2004ರ ಹದಿನಾಲ್ಕು ಹಾಡುಗಳನ್ನೂ ದಾಖಲಾತಿಯ ಪಟ್ಟಿಗಳನ್ನೂ ಹಳೆಯ ಭಾವಚಿತ್ರಗಳನ್ನೂ ಸೇರಿಸಿ ನಾಲ್ಕು ಡಿವಿಡಿಗಳನ್ನು ಬರೆದೆವು. ಒಂದು ಚಿತ್ರದುರ್ಗದಲ್ಲಿ ಶಾಲೆಯ ಬೀರುವಿನಲ್ಲಿದೆ. ಉಳಿದ ಮೂರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈ ಕಥೆಯ ಮೂವರು ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿವೆ. ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿಯೂ ಇಟ್ಟಿದ್ದೇವೆ. ಐದು ವರ್ಷಕ್ಕೊಮ್ಮೆ ನಾಲ್ಕನ್ನೂ ಶಾಲೆಗೆ ತಂದು ಓದಿಸಿ ನೋಡಿ, ಆ ಕಾಲಕ್ಕೆ ಯಾವ ವಸ್ತು ಬಳಕೆಯಲ್ಲಿರುವುದೋ ಅದಕ್ಕೆ ಮತ್ತೆ ಬರೆಯತಕ್ಕದ್ದೆಂದು ಶಾಲೆಯ ಪುಸ್ತಕದಲ್ಲಿ ಗೊತ್ತುಮಾಡಿದ್ದೇವೆ. ನನ್ನ ಅನಂತರ ಈ ಕುರ್ಚಿಯಲ್ಲಿ ಕೂರುವವರಿಗೂ ಅದು ತಿಳಿದಿರಲಿ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನ ಅರಿಕೆ ಇಷ್ಟೆ. ನಿಮ್ಮ ಮನೆಗಳಲ್ಲಿ ಶಾಲೆಗೆ ಸಂಬಂಧಪಟ್ಟ ಸಿಡಿ, ಡಿವಿಡಿ, ಕ್ಯಾಸೆಟ್ಟು ಯಾವುದಿದ್ದರೂ, ಓದುವ ಯಂತ್ರವಿಲ್ಲವೆಂದು ಎಸೆಯದೆ, ವಾರ್ಷಿಕೋತ್ಸವದ ದಿನ ಜೊತೆಯಲ್ಲಿ ತನ್ನಿರಿ. ಡಿಸ್ಕುಗಳ ಪ್ರತಿಯನ್ನು ಅಂದೇ ಮಾಡಿಕೊಂಡು ಮೂಲವನ್ನು ನಿಮಗೆ ಹಿಂದಿರುಗಿಸುತ್ತೇವೆ. ಕ್ಯಾಸೆಟ್ಟುಗಳಿಗೆ ಮಾತ್ರ ಕೆಲವು ದಿನ ಹಿಡಿಯುವುದು. ದಯವಿಟ್ಟು ಗುರುತಿಗೆಂದು ಡಿಸ್ಕಿನ ಮೇಲೆ ಹೆಸರು ಬರೆಯಬೇಡಿರಿ. ಡಬ್ಬಿಯ ಮೇಲೆ ಬರೆದರೆ ಸಾಕು. ಆ ದಿನದ ಕಾರ್ಯಕ್ರಮದಲ್ಲಿ ಹದಿನಾಲ್ಕನೆಯ ಹಾಡನ್ನು ಹಿರಿಯೂರಿನ ಆ ಎಂಟನೆಯ ತರಗತಿಯ ಹುಡುಗಿ ಹಾಡುವಳು. ಪಲ್ಲವಿಯನ್ನು ಅವಳ ತಾಯಿ ಮನೆಯಲ್ಲಿ ಕಲಿಸಿಯಾಗಿದೆ. ಚರಣಗಳನ್ನು ಪ್ರತಿ ಶನಿವಾರ ನಮ್ಮ ಆಫೀಸಿನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಕಲಿಯುತ್ತಿದ್ದಾಳೆ.